ಬಾಯಿಮಾತಿನ ಆದೇಶ

ಹಾಲಿನ ಪಾತ್ರೆಯ ಅಂಚು ಬೆರಳಿಗೆ ಚುರುಕ್ಕೆಂದಾಗ ಅವಳು ಕೂಗಲಿಲ್ಲ. ತುಟಿ ಕಚ್ಚಿಕೊಂಡು ಬೆರಳನ್ನು ನಲ್ಲಿಯ ಕೆಳಗೆ ಹಿಡಿದಳು. ನೋವಿಗಿಂತ ಮುಂಚೆ ಹೆದರಿಕೆ ಬಂದಿತ್ತು. ಬಾಯಿ ಬಿಟ್ಟರೆ ‘ಅಯ್ಯೋ’ ಅನ್ನುವುದು ಯಾವ ಭಾಷೆಯಲ್ಲಿ ಬಂದುಬಿಡುತ್ತದೋ ಎಂದು. ಇದೊಂದು ಸಣ್ಣ ಚಿಂತೆ, ತನಗೆ ತಾನೇ ಹೇಳಿಕೊಳ್ಳುವಂಥದ್ದು, ಇನ್ನೊಬ್ಬರಿಗೆ ಹೇಳಿದರೆ ನಕ್ಕಾರು. ಎಚ್ಚರವಿರುವಷ್ಟು ಹೊತ್ತು ನಾಲಿಗೆಗೆ ಹಗ್ಗ ಕಟ್ಟಿ ಇಟ್ಟುಕೊಳ್ಳಬಹುದು. ಬಿಸಿ ತಗುಲಿದಾಗ, ಮೆಟ್ಟಿಲಲ್ಲಿ ಕಾಲು ಜಾರಿದಾಗ, ಕೆಟ್ಟ ಕನಸು ಬಿದ್ದಾಗ ಅದು ಹಗ್ಗ ಕಿತ್ತುಕೊಂಡು ಹುಟ್ಟಿದ ಕೊಟ್ಟಿಗೆಗೇ ಓಡುತ್ತದೆ.

“ಸುಟ್ಕೊಂಡ್ಯಾ?” ನಡುಮನೆಯಿಂದ ಅಮ್ಮ ಕೇಳಿದಳು.

“ಇಲ್ಲ.”

“ಮತ್ತೆ ನೀರು ಯಾಕೆ ಸುರೀತಿದೆ? ಸುಳ್ಳು ಹೇಳೋದಾದ್ರೆ ಮೊದ್ಲು ನಲ್ಲಿ ನಿಲ್ಸು.”

ಅಮ್ಮ ಕೇಳಿದ್ದೂ ಈಚೆ ಭಾಷೆಯಲ್ಲೇ. ಯುದ್ಧ ಶುರುವಾಗುವವರೆಗೆ ಆ ಎರಡು ಕೋಣೆಗಳಲ್ಲಿ ನದಿಯಾಚೆಯ ಭಾಷೆ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಬೈಗುಳ, ಮುದ್ದು, ಉಪ್ಪು ಹೆಚ್ಚಾಯಿತು ಅನ್ನುವ ದೂರು, ಎಲ್ಲವೂ ಅದರಲ್ಲೇ. ಈಗ ಕಿಟಕಿ ಮುಚ್ಚಿದ್ದರೂ ತಾಯಿ ಮಗಳು ಈಚೆ ಭಾಷೆಯಲ್ಲೇ ಮಾತಾಡುತ್ತಿದ್ದರು. ತಮ್ಮ ಮನೆಯಲ್ಲಿ ತಾವೇ ಬಾಡಿಗೆಗೆ ಬಂದವರ ಹಾಗೆ, ಬೇಕಾದಷ್ಟೇ, ಅಳೆದು ಅಳೆದು.

ನಡುಮನೆಯಲ್ಲಿ ಸೈನ್ಯದ ಅಂಗಿಗಳ ರಾಶಿ ಅಮ್ಮನ ಎದೆಯ ಮಟ್ಟಕ್ಕೆ ಬಂದಿತ್ತು. ಗುತ್ತಿಗೆದಾರ ವಾರಕ್ಕೊಮ್ಮೆ ತಂದು ಸುರಿಯುತ್ತಿದ್ದ. ಅಮ್ಮ ಅವಕ್ಕೆ ಗುಂಡಿ ಹಚ್ಚುತ್ತಿದ್ದಳು. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ಗುಂಡಿಯಮ್ಮ ಎಂದು. ಅಪ್ಪನ ಸೊಂಟದ ಮೇಲೆ ಕೂತು, ಬೆರಳು ಚೀಪುತ್ತ ಆಕೆ ನದಿ ದಾಟಿ ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ.

“ನೋಡು,” ಅಮ್ಮ ಹಲ್ಲಿನಿಂದ ದಾರ ಕತ್ತರಿಸುತ್ತ ಅಂದಳು, “ಗುಂಡಿ ನಂದು, ಗುಂಡು ಅವರದು. ಹೋಗಿ ಬೀಳೋದು ನಮ್ಮಪ್ಪನ ಊರಿನ ಮೇಲೆ. ದೇವರಿಗೆ ತಮಾಷೆ ಮಾಡೋದಕ್ಕೆ ಬೇರೆ ಯಾರೂ ಸಿಗ್ಲಿಲ್ಲ.”

“ಮೆಲ್ಲಗೆ ಅಮ್ಮಾ.”

“ಮೆಲ್ಲಗೇ ಹೇಳ್ತಿದೀನಿ ಕಣೇ. ಇದಕ್ಕಿಂತ ಮೆಲ್ಲಗೆ ಹೇಳ್ಬೇಕು ಅಂದ್ರೆ ಸಾಯ್ಬೇಕು.” ಅಮ್ಮ ಇನ್ನೊಂದು ಅಂಗಿ ಎಳೆದುಕೊಂಡಳು. “ಇವತ್ತು ಯಾರ ಕೇಸು?”

“ನಮ್ಮ ಕೋರ್ಟಿನ ಲಿಫ್ಟು ರಿಪೇರಿಯವರ ಹೆಂಡತೀದು.”

ಸೂಜಿ ಅರ್ಧದಲ್ಲಿ ನಿಂತಿತು. “ಅವನನ್ನ ನದಿ ದಾಟಿಸಿ ಆಯ್ತಲ್ಲ?”

“ಹೂಂ. ದಾಟಿಸಿದ್ದು ಸರಿಯಾ ಅಂತ ಈಗ ಕೇಸು.”

“ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ.” ಸೂಜಿ ಮತ್ತೆ ನಡೆಯಿತು. ಅಮ್ಮ ತಲೆಯೆತ್ತದೆ ಅಂದಳು: “ಗುಬ್ಬೀ, ನೀನು ಬರೀ ಬಾಯಿ. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ. ಕೊಳವೆಯೊಳಗೆ ಹೊಳೆಯಷ್ಟು ನೀರು ಹೋಗತ್ತೆ, ಕೊಳವೆಗೆ ಬಾಯಾರಿಕೆ ಅಂತ ಆಗತ್ತಾ?”

ಅವಳು ಕೈ ಒರೆಸಿಕೊಂಡಳು. ಬೆರಳಿನ ತುದಿ ಕೆಂಪಗೆ ಉಬ್ಬಿತ್ತು. ಹಾಲು ಆರಿ ಕೆನೆ ಕಟ್ಟಿತ್ತು. ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಒಳಗಿದ್ದ ಡೈರಿ ಕೈಗೆ ತಾಗಿತು. ಶಾಲೆಯ ದಿನದಿಂದ ಒಂದು ದಿನವೂ ತಪ್ಪದೆ ಬರೆದುಕೊಂಡು ಬಂದವಳು. ಆದರೆ ಕಳೆದ ವಾರ ಬಸ್ ಡಿಪೋಗೆ ಹೋಗಿಬಂದ ಮೇಲೆ ಹವೆಯ ವಿಷಯ ಬಿಟ್ಟು ಏನನ್ನೂ ಬರೆದಿರಲಿಲ್ಲ. ಮೋಡವಿತ್ತು. ಗಾಳಿ ಬೀಸಿತು. ಇಂದು ಬಿಸಿಲು. ತನ್ನ ಪುಟಗಳಿಗೂ ಅವಳು ಹೇಳಿಕೊಳ್ಳಲಾರದ ವಿಷಯವೊಂದು ಹುಟ್ಟಿತ್ತು.

*

ಯುದ್ಧ ಘೋಷಣೆಯಾದ ವಾರವೇ ಅಜ್ಜಂದಿರ ಕಾಲದ ಕಾಯಿದೆಯೊಂದನ್ನು ಕಪಾಟಿನಿಂದ ಇಳಿಸಿ ಧೂಳು ಕೊಡವಿದ್ದರು. ಶತ್ರುದೇಶದಲ್ಲಿ ಹುಟ್ಟಿದವರನ್ನು ವಿಚಾರಣೆಯಿಲ್ಲದೆ ಹಿಡಿಯಬಹುದು, ಇಡಬಹುದು, ನದಿ ದಾಟಿಸಬಹುದು. ಏನು ಮಾಡಿದರು ಅನ್ನುವುದು ಬೇಕಾಗಿರಲಿಲ್ಲ. ಎಲ್ಲಿ ಹುಟ್ಟಿದರು ಅನ್ನುವುದು ಸಾಕಾಗಿತ್ತು. ಆಚೆ ಭಾಷೆ ಬಲ್ಲ ದುಭಾಷಿಗಳು ಒಮ್ಮೆಗೇ ಬೇಕಾದರು. ಕಾಲೇಜಿನಲ್ಲಿ ಆ ಭಾಷೆಯನ್ನು ಒಂದು ವಿಷಯವಾಗಿ ತೆಗೆದುಕೊಂಡು, ಓದದೆಯೇ ಮೊದಲಿಗಳಾಗಿದ್ದ ಅವಳಿಗೆ ಕೆಲಸ ಸಿಕ್ಕಿತು. ಎಲ್ಲಿ ಕಲಿತಿರಿ ಎಂದು ಕೇಳಿದಾಗ ಕಾಲೇಜಿನಲ್ಲಿ ಅಂದಿದ್ದಳು. ಕೇಳಿದವರು ತಲೆಯಾಡಿಸಿದ್ದರು.

ಮೊದಲ ದಿನ ಪ್ರಮಾಣ ಮಾಡಿಸಿದರು. ನಾನು ಕೂಡಿಸುವುದಿಲ್ಲ, ಕಳೆಯುವುದಿಲ್ಲ, ನನ್ನದೆಂಬ ಮಾತನ್ನು ಆಡುವುದಿಲ್ಲ. ಅವಳಿಗೆ ಅದು ಕಷ್ಟವೆನಿಸಿರಲಿಲ್ಲ. ಹುಟ್ಟಿದಾಗಿನಿಂದ ಅವಳು ಬದುಕಿದ್ದೇ ಹಾಗೆ. ಕಟಕಟೆಯಲ್ಲಿದ್ದವರ ಕಿವಿಯ ಹತ್ತಿರ ಬಗ್ಗಿ, ನ್ಯಾಯಾಲಯದಲ್ಲಿ ನಡೆಯುವುದನ್ನೆಲ್ಲ ಆಚೆ ಭಾಷೆಯಲ್ಲಿ ಪಿಸುಗುಟ್ಟಬೇಕು. ಅವರು ಹೇಳಿದ್ದನ್ನು ಎದ್ದು ನಿಂತು ಈಚೆ ಭಾಷೆಯಲ್ಲಿ ಗಟ್ಟಿಯಾಗಿ ಹೇಳಬೇಕು. ಪಿಸುಗುಟ್ಟುವ ಕೆಲಸ ಸಲೀಸಾಗಿ ಬಂತು, ಗಟ್ಟಿಯ ಕೆಲಸ ಬರಲಿಲ್ಲ. ನ್ಯಾಯಾಧೀಶರು ಕಿವಿಗೆ ಕೈ ಆನಿಸಿಕೊಂಡು “ಸ್ವಲ್ಪ ಜೋರಾಗಿ” ಅನ್ನದ ದಿನವೇ ಇರಲಿಲ್ಲ. ಬಾಗಿಲಲ್ಲಿ ನಿಂತು ಕೇಸು ಕೂಗುವ ದಫೇದಾರ ಅವಳಿಗೆ ‘ಪಿಸುಮಾತಿನಮ್ಮ’ ಎಂದು ಹೆಸರಿಟ್ಟಿದ್ದ.

“ಬನ್ನಿ ಪಿಸುಮಾತಿನಮ್ಮ, ಬನ್ನಿ. ಮೆಟ್ಟಿಲು ಹತ್ತಿ ಪುಣ್ಯ ಕಟ್ಕೊಳ್ಳಿ,” ಅಂದ ಅವನು ಆ ಬೆಳಿಗ್ಗೆಯೂ. ನ್ಯಾಯಾಲಯದ ಕೆಳಗಿನ ಅಂತಸ್ತಿನಲ್ಲಿ ಲಿಫ್ಟಿನ ಜಾಲರಿ ಬಾಗಿಲಿಗೆ ಹಗ್ಗ ಬಿಗಿದು ‘ದುರಸ್ತಿಯಲ್ಲಿದೆ’ ಎಂಬ ರಟ್ಟು ತೂಗುಹಾಕಿದ್ದರು. ದುರಸ್ತಿ ಮಾಡುವವರು ಯಾರೂ ಇರಲಿಲ್ಲ. ಪೆಟ್ಟಿಗೆ ಮೇಲೆಲ್ಲೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ವಾರದ ಮೇಲಾಗಿತ್ತು.

“ಬೇರೆ ಮೆಕ್ಯಾನಿಕ್ಕು ಬರ್ಲಿಲ್ವಾ?” ಅವಳು ಕೇಳಿದಳು.

“ಬಂದಿದ್ದ. ನೋಡಿದ, ಕೈ ಮುಗಿದ, ಹೋದ. ನಮ್ಮಜ್ಜಿ ವಯಸ್ಸಿನ ಮಿಷಿನ್ನು. ಅದರ ಗುಟ್ಟು ಗೊತ್ತಿದ್ದವನು ಅವನೊಬ್ನೇ.” ದಫೇದಾರ ಸುತ್ತ ನೋಡಿ ದನಿ ತಗ್ಗಿಸಿದ. “ದೇಶಕ್ಕೆ ಅಪಾಯ ಅಂತೆ ಅವನಿಂದ. ನನ್ನ ಕೇಳಿದ್ರೆ ಅವನಿಲ್ದೆ ಅಪಾಯ ಆಗಿರೋದು ಸಾಹೇಬರ ಮೊಣಕಾಲಿಗೆ.”

ಅವಳು ಲಿಫ್ಟಿನ ಕಡೆ ತಿರುಗಿದಳು. ಜಾಲರಿಯ ಹಿಂದೆ ಎಣ್ಣೆ ಮೆತ್ತಿದ ಕಬ್ಬಿಣದ ಹಗ್ಗಗಳು ಕತ್ತಲಿನೊಳಕ್ಕೆ ಹೋಗಿದ್ದವು. ಅಲ್ಲಿ ನಿಂತರೆ ಡಿಪೋ ಕಣ್ಣೆದುರು ಬರುತ್ತಿತ್ತು.

ಊರಾಚೆಯ ಹಳೆಯ ಬಸ್ ಡಿಪೋದಲ್ಲಿ ಆಚೆಯವರನ್ನು ಕೂಡಿಹಾಕಿದ್ದರು. ಆ ದಿನ ಅವಳನ್ನು ಕೋರ್ಟಿನ ಬದಲು ಅಲ್ಲಿಗೆ ಕಳಿಸಿದ್ದರು. ಸಾಗಣೆ ಅಧಿಕಾರಿ ಹೇಳಿದ್ದನ್ನು ಅವರಿಗೆ ಹೇಳುವುದಷ್ಟೇ ಕೆಲಸ. ಅಧಿಕಾರಿ ಒಳ್ಳೆಯ ಮನುಷ್ಯನಂತೆ ಕಾಣುತ್ತಿದ್ದ. ದಪ್ಪಗೆ, ನಗುಮುಖ. ಡಿಪೋ ಮ್ಯಾನೇಜರನ ಕೋಣೆಯಲ್ಲಿ ಕುರ್ಚಿ ಎಳೆದುಕೊಟ್ಟು, ತಾನು ಕಿತ್ತಳೆ ಸುಲಿದು ಅರ್ಧ ಅವಳ ಮುಂದಿಟ್ಟಿದ್ದ. ಅಂಗಳದಲ್ಲಿ ಖಾಲಿ ಬಸ್ಸು ನಿಂತಿತ್ತು. ಆಗ ಫೋನು ಬಂತು. ಕೈಯೆಲ್ಲ ಕಿತ್ತಳೆ ರಸವಾದ್ದರಿಂದ ಅಧಿಕಾರಿ ಮೊಣಕೈಯಿಂದ ಸ್ಪೀಕರಿನ ಗುಂಡಿ ಒತ್ತಿದ. ಕೋರ್ಟಿನ ಬೆಂಚ್ ಕ್ಲರ್ಕನ ಏದುಸಿರಿನ ದನಿ ಕೋಣೆಯಲ್ಲೆಲ್ಲ ಕೇಳಿಸಿತು. ಸಾಹೇಬರು ಬಾಯಿಮಾತಿನಲ್ಲಿ ಆದೇಶ ಮಾಡಿದ್ದಾರೆ, ನಾಳೆ ವಿಚಾರಣೆಯಾಗುವ ತನಕ ಯಾರನ್ನೂ ಕಳಿಸಬಾರದು, ಬರಹದ ಪ್ರತಿ ಸಂಜೆಯೊಳಗೆ ಬರುತ್ತದೆ.

“ಹೂಂ, ಆಯ್ತು,” ಅಂದ ಅಧಿಕಾರಿ. ಫೋನು ಇಟ್ಟ. ಒಂದೊಂದೇ ಬೆರಳು ಒರೆಸಿಕೊಂಡ. ಆಮೇಲೆ ಅವಳ ಕಡೆ ತಿರುಗಿ, “ಎಲ್ರಿಗೂ ಬಸ್ ಹತ್ತೋಕೆ ಹೇಳಮ್ಮ ತಂಗಿ,” ಅಂದ.

ಅವಳು ಎದ್ದಳು, ಆದರೆ ಹೊರಡಲಿಲ್ಲ. ಫೋನಿನ ಕಡೆ ನೋಡಿದಳು. ಅವಳ ಮಟ್ಟಿಗೆ ಅದೇ ದೊಡ್ಡ ಪ್ರತಿಭಟನೆ.

“ಬಾಯಿಮಾತು ಬಾಯಲ್ಲಿರತ್ತೆ,” ಅಧಿಕಾರಿ ನಕ್ಕ. “ಕಾಗದ ಬರ್ಲಿ, ತಲೆ ಮೇಲೆ ಹೊತ್ಕೊಳ್ಳೋಣ. ಹೋಗು.”

ಅವಳು ಹೋಗಿ ಹೇಳಿದ್ದಳು. ‘ಬನ್ನಿ, ಹತ್ತಿ, ನಿಧಾನ, ಮಕ್ಕಳ ಕೈ ಹಿಡ್ಕೊಳ್ಳಿ.’ ಚಿಕ್ಕವಳಿದ್ದಾಗ ಜ್ವರದ ಔಷಧ ಕುಡಿಸಲು ಅಮ್ಮ ಪುಸಲಾಯಿಸುತ್ತಿದ್ದ ದನಿಯೇ ಅವಳ ಬಾಯಿಂದ ಬಂದಿತ್ತು. ಆ ದನಿ ಕೇಳಿ ಜನ ದನಗಳಂತೆ ಸಾಧುವಾಗಿ ಎದ್ದು ಬಂದಿದ್ದರು. ಸಾಲಿನಲ್ಲಿ ಲಿಫ್ಟಿನವನೂ ಇದ್ದ. ಅವಳ ಗುರುತು ಹಿಡಿದು ಕಣ್ಣರಳಿಸಿದ.

“ಪಿಸುಮಾತಿನಮ್ಮ, ನೀವು ನಮ್ಮೋರಾ?” ಆಮೇಲೆ ಆಚೆ ಭಾಷೆಗೆ ಹೊರಳಿ ಕೇಳಿದ: “ಇವತ್ತು ನನ್ನ ಹೆಂಡತಿ ಕೋರ್ಟಿಗೆ ಹೋಗಿದಾಳೆ. ಅಲ್ಲಿಂದ ಏನಾದ್ರೂ ಸುದ್ದಿ ಬಂತಾ ತಾಯಿ?”

“ನಂಗೊತ್ತಿಲ್ಲ,” ಅಂದಿದ್ದಳು, ಅಮ್ಮನ ಭಾಷೆಯಲ್ಲಿ.

ಅವನು ನಂಬಿದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ. “ಮೂರನೇ ಮಹಡೀಲಿ ಬಾಗಿಲು ಪೂರ್ತಿ ಎಳೀದಿದ್ರೆ ಪೆಟ್ಟಿಗೆ ಮಧ್ಯದಲ್ಲಿ ನಿಂತ್ಬಿಡತ್ತೆ, ದಫೇದಾರನಿಗೆ ಹೇಳಿ. ಅವನು ಯಾವಾಗ್ಲೂ ಅರ್ಧ ಎಳೀತಾನೆ, ಸೋಮಾರಿ.”

ಅದನ್ನೂ ಅವಳು ಯಾರಿಗೂ ಹೇಳಿರಲಿಲ್ಲ.

*

ಎರಡನೇ ಮಹಡಿಯ ತಿರುವಿನಲ್ಲಿ ಸಾಗಣೆ ಅಧಿಕಾರಿ ಗೋಡೆಗೊರಗಿ ಸುಧಾರಿಸಿಕೊಳ್ಳುತ್ತಿದ್ದ. ಅವಳನ್ನು ಕಂಡು ಕರ್ಚೀಫು ಬೀಸಿದ.

“ಬಾಮ್ಮ ತಂಗಿ. ಇವತ್ತು ನೀನೇ ಏನು, ಆ ಯಮ್ಮನ ಪಕ್ಕ ನಿಲ್ಲೋದು?”

“ಹೌದು ಸರ್.”

“ಒಳ್ಳೇದಾಯ್ತು. ನೀನಾದ್ರೆ ಹೇಳಿದ್ದಷ್ಟೇ ಹೇಳ್ತೀಯ. ಕೆಲವರಿಗೆ ಬಾಯಿ ಉದ್ದ.” ಅವನು ಮುಖ ಒರೆಸಿಕೊಂಡ. “ಆ ದಿನ ಡಿಪೋದಲ್ಲಿ ನಿನ್ನ ಮಾತು ಕೇಳ್ತಾ ಇದ್ದೆ. ಏನು ಚೆನ್ನಾಗಿ ಮಾತಾಡ್ತೀಯ! ನಮ್ಮ ಹುಡುಗನೂ ಕಾಲೇಜಲ್ಲಿ ಯಾವ್ದೋ ಭಾಷೆ ಕಲ್ತ. ಊಟ ಆಯ್ತಾ ಅಂತ ಕೇಳೋಕೂ ಪುಸ್ತಕ ನೋಡ್ತಾನೆ. ಕಾಲೇಜಲ್ಲಿ ಇಷ್ಟು ಚೆನ್ನಾಗಿ ಕಲಿಸ್ತಾರಾ?”

ಅವಳು ಕೈಗಂಬಿ ಹಿಡಿದುಕೊಂಡಳು. ಸುಟ್ಟ ಬೆರಳಿಗೆ ಕಬ್ಬಿಣ ತಣ್ಣಗೆ ತಾಗಿತು.

“ಮನೇಲಿ ಅಮ್ಮ ಹೇಗಿದಾರೆ?” ಅಂದ ಅವನು, ಅದೇ ನಗುವಿನಲ್ಲಿ. “ಗುಂಡಿ ಹಚ್ಚೋ ಕೆಲಸ ನಡೀತಿದ್ಯಾ? ಒಳ್ಳೇ ಕೆಲಸ. ದೇಶಸೇವೆ. ನಮ್ಮ ಗುತ್ತಿಗೆದಾರ ಹೇಳ್ತಿದ್ದ, ಗುಂಡಿಯಮ್ಮನ ಕೈ ಅಂದ್ರೆ ಕೈ, ಹರಿದ್ರೆ ಬಟ್ಟೆ ಹರೀಬೇಕು, ಗುಂಡಿ ಕಿತ್ತು ಬರಲ್ಲ ಅಂತ. ಅವರ ತವರು ಯಾವ ಕಡೆ ಆಯ್ತು?”

“ಇಲ್ಲೇ,” ಅಂದಳು.

“ಇಲ್ಲೇ,” ಅಂತ ಅವನೂ ಅಂದ, ಮಗುವಿನ ತೊದಲು ಮಾತಿಗೆ ದನಿಗೂಡಿಸುವವನಂತೆ. “ಸರಿ ಸರಿ. ನಡಿ, ಹೊತ್ತಾಯ್ತು. ಥೂ, ಈ ಮೆಟ್ಟಿಲು! ಹಾಳಾದ್ದು ಲಿಫ್ಟು ಯಾವಾಗ ಸರಿ ಮಾಡ್ತಾರೋ.”

ಅವನು ಮುಂದೆ ಹತ್ತಿದ. ಅವಳು ಅವನ ಬೂಟಿನ ಹಿಮ್ಮಡಿಯನ್ನು ನೋಡುತ್ತ ಹಿಂದೆ ಹತ್ತಿದಳು.

*

ಲಿಫ್ಟಿನವನ ಹೆಂಡತಿ ಮುಂದಿನ ಬೆಂಚಿನಲ್ಲಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾಯಿದೆಯ ಲೆಕ್ಕದಲ್ಲಿ ಅವಳು ಈಚೆಯವಳು. ತಾಯಿ ನೆಂಟರ ಮನೆಗೆಂದು ನದಿ ದಾಟಿ ಬಂದಾಗ ಇಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿದ್ದಳು, ಬೆಳೆದದ್ದೆಲ್ಲ ಆಚೆ. ಈಚೆ ಭಾಷೆಯಲ್ಲಿ ಹಾಲು, ಬಸ್ಸು, ಎಷ್ಟು, ಬೇಡ ಅನ್ನುವಷ್ಟೇ ಬರುತ್ತಿತ್ತು. ಈಚೆ ಭಾಷೆಯಲ್ಲಿ ಜೋಕು ಹೊಡೆಯುತ್ತಿದ್ದ, ದಫೇದಾರನನ್ನು ಸೋಮಾರಿ ಎಂದು ಬೈಯುತ್ತಿದ್ದ ಗಂಡ ಮಾತ್ರ ಶತ್ರುವಾಗಿದ್ದ.

ನ್ಯಾಯಾಧೀಶರು ಮೊಣಕಾಲು ನೀವಿಕೊಳ್ಳುತ್ತ ಬಂದು ಕೂತರು. ಆಕೆಯ ಪರವಾಗಿದ್ದ ವಕೀಲೆ ಎದ್ದು, ಅರ್ಜಿದಾರಳು ಎರಡು ಮಾತು ಹೇಳಬೇಕಂತೆ ಎಂದರು. ಆಕೆ ನಿಂತಳು. ಮಾತಾಡಿದಳು. ದುಭಾಷಿ ಗಟ್ಟಿಯಾಗಿ ಹೇಳಿದಳು:

“ನನ್ನ ಗಂಡ ಏನು ತಪ್ಪು ಮಾಡಿದ ಅಂತ ಒಂದು ಸಲ ಹೇಳಿ. ತಪ್ಪೇ ಆಗಿದ್ದರೆ ನಾನೂ ತಪ್ಪು ಅಂತೀನಿ.”

‘ನನ್ನ ಗಂಡ’ ಅನ್ನುವಾಗ ಹಿಂದಿನ ಸಾಲಿನ ಕಿರಿಯ ವಕೀಲರಿಬ್ಬರು ಮುಸಿಮುಸಿ ನಕ್ಕರು. ದಿನವೂ ನಗುತ್ತಿದ್ದರು. ಮದುವೆಯಾಗದ ಹುಡುಗಿ ದಿನಕ್ಕೊಬ್ಬ ಗಂಡನಿಗಾಗಿ ಅಳುತ್ತಾಳೆ ಅನ್ನುವುದು ಅವರ ನಡುವಿನ ತಮಾಷೆ.

“ಸ್ವಲ್ಪ ಜೋರಾಗಿ,” ಅಂದರು ನ್ಯಾಯಾಧೀಶರು. ಅವಳು ಇನ್ನೊಮ್ಮೆ ಹೇಳಿದಳು.

ಸರ್ಕಾರಿ ವಕೀಲರು ಎದ್ದರು. “ತಪ್ಪಿನ ಪ್ರಶ್ನೆಯೇ ಇಲ್ಲಿಲ್ಲ ಸ್ವಾಮಿ. ಈ ಕಾಯಿದೆಗೆ ತಪ್ಪು ಬೇಕಾಗಿಲ್ಲ, ಹುಟ್ಟು ಸಾಕು.”

ಅವಳು ಬಗ್ಗಿ ಅದನ್ನು ಆಕೆಯ ಕಿವಿಯಲ್ಲಿ ಪಿಸುಗುಟ್ಟಿದಳು. ಆಕೆ ಅರ್ಥವಾಗದವಳಂತೆ ನೋಡಿದಳು. ಇನ್ನೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ಅವಳಿಗೆ ಮನೆಯ ಅಂಗಿಗಳ ರಾಶಿ, ಅದರ ಹಿಂದೆ ಬಗ್ಗಿದ ನರೆತ ತಲೆ ಕಂಡಿತು. ಹುಟ್ಟು ಸಾಕು.

“ಆ ವಾದ ಆಮೇಲೆ,” ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಯುದ್ಧ ಅಂದ ಮೇಲೆ ಸರ್ಕಾರಕ್ಕೆ ಅಧಿಕಾರ ಇದೆ, ನಾನು ಇಲ್ಲ ಅಂತಿಲ್ಲ. ಆದರೆ ನಾನು ಈ ಕುರ್ಚೀಲಿ ಕೂತು ‘ನಿಲ್ಲಿ’ ಅಂದಿದ್ದೆ. ನಿಂತ್ರಾ ಇಲ್ವಾ ಅನ್ನೋದಷ್ಟೇ ಇವತ್ತಿನ ಪ್ರಶ್ನೆ. ನನ್ನ ಮಾತು ಕಿವಿಗೆ ಬಿದ್ದ ಮೇಲೂ ಬಸ್ಸು ಬಿಟ್ಟಿದ್ರೆ, ಆತನನ್ನ ವಾಪಸ್ ಕರ್ಕೊಂಡು ಬಂದು ಇಲ್ಲಿ ನಿಲ್ಲಿಸೋ ಹೊಣೆ ಸರ್ಕಾರದ್ದು. ಬಸ್ಸು ಹೋದ ಮೇಲೆ ಫೋನು ಬಂದಿದ್ರೆ, ನನ್ನ ಕೈ ನದಿಯಾಚೆಗೆ ಚಾಚೋದಿಲ್ಲ. ಕ್ಲರ್ಕು ಎಲ್ಲಿ?”

ಬೆಂಚ್ ಕ್ಲರ್ಕು ಮುಂದೆ ಬಂದ. ಕಣ್ಣು ಸರ್ಕಾರಿ ವಕೀಲರ ಮೇಲೂ ಕೈ ತನ್ನ ಅಂಗಿಯ ಕೊನೆಯ ಗುಂಡಿಯ ಮೇಲೂ ಇತ್ತು. ತಾನು ಫೋನು ಮಾಡಿದ್ದು ಹೌದು. ಆ ಕಡೆಯಿಂದ ಯಾರೋ ‘ಹೂಂ, ಆಯ್ತು’ ಅಂದದ್ದೂ ಹೌದು. ಯಾವ ಹೊತ್ತಿಗೆ ಅಂದರೆ ಹೇಳಲಾರೆ.

“ನಾನು ಹೇಳಿದ ತಕ್ಷಣ ಮಾಡಿದ್ರಾ?” ನ್ಯಾಯಾಧೀಶರು ಕೇಳಿದರು.

“ತಕ್ಷಣವೇ ಹೊರಟೆ ಸ್ವಾಮಿ. ಆದರೆ ಫೋನಿರೋದು ಕೆಳಗಿನ ಆಫೀಸಲ್ಲಿ. ಲಿಫ್ಟು…”

“ಲಿಫ್ಟಿಗೇನಾಗಿತ್ತು?”

“ಕೆಟ್ಟಿತ್ತು ಸ್ವಾಮಿ. ನನಗೂ ಮೊಣಕಾಲು… ನಿಧಾನಕ್ಕೆ ಇಳಿದೆ. ನಡುವೆ ಒಂದೆರಡು ಕಡೆ ಕೂತೆ.”

ಸರ್ಕಾರಿ ವಕೀಲರ ಮುಖ ಬೆಳಗಿತು. “ಇದನ್ನೇ ನಾನು ಹೇಳೋದು ಸ್ವಾಮಿ. ಲಿಫ್ಟು ಇರಲಿಲ್ಲ. ಕ್ಲರ್ಕು ಮೆಟ್ಟಿಲಲ್ಲಿ ಕೂತು ಎದ್ದು ಇಳಿಯೋ ಹೊತ್ತಿಗೆ ಬಸ್ಸು ಗಡಿ ಹಾದಿ ಹಿಡಿದಾಗಿತ್ತು. ಇದರಲ್ಲಿ ಯಾರನ್ನ ದೂರೋಣ? ಯಂತ್ರ ಕೆಟ್ಟದ್ದಕ್ಕೆ ಸರ್ಕಾರ ಹೊಣೆಯಾ?”

ಬಾಗಿಲಲ್ಲಿ ದಫೇದಾರ ಕೆಮ್ಮಿದ. ಯಾರೋ ನಕ್ಕರು. ವಕೀಲೆ ಮಾತ್ರ ಎದ್ದು ನಿಂತು, “ಆ ಲಿಫ್ಟನ್ನ ರಿಪೇರಿ ಮಾಡುತ್ತಿದ್ದವರೇ ನಮ್ಮ ಅರ್ಜಿದಾರಳ ಗಂಡ, ಸ್ವಾಮಿ. ಅವರನ್ನ ಹಿಡಿದ ಮಾರನೇ ದಿನವೇ ಅದು ನಿಂತಿದ್ದು,” ಅಂದರು. ನ್ಯಾಯಾಧೀಶರು ಕಿಟಕಿಯ ಕಡೆ ನೋಡಿದರು. ಆಮೇಲೆ, “ಅದು ದಾಖಲೆಗೆ ಬೇಡ,” ಅಂದರು.

ದುಭಾಷಿ ಎಲ್ಲವನ್ನೂ ಪಿಸುಗುಟ್ಟುತ್ತಲೇ ಇದ್ದಳು. ಲಿಫ್ಟು ಅನ್ನುವ ಮಾತಿಗೆ ಆಕೆ ತಲೆಯೆತ್ತಿ, “ಅವನು ಬಂದ್ರೆ ಒಂದು ಗಂಟೇಲಿ ಸರಿ ಮಾಡ್ತಾನೆ, ಅವರಿಗೆ ಹೇಳು,” ಅಂದಳು. ಆಸೆಯಿಂದಲೇ ಅಂದಳು, ಇದೊಂದು ಒಪ್ಪಂದವಾಗಬಹುದೆಂಬಂತೆ. ಅದನ್ನು ಗಟ್ಟಿಯಾಗಿ ಹೇಳಬೇಕಾಗಿತ್ತು. ಹೇಳಿದಳು. ಈ ಸಲ ಕಿರಿಯ ವಕೀಲರು ಕೂಡ ನಗಲಿಲ್ಲ.

ಸಾಗಣೆ ಅಧಿಕಾರಿ ಕಟಕಟೆಗೆ ಬಂದ. ಸತ್ಯವನ್ನೇ ಹೇಳುತ್ತೇನೆ ಎಂದು ಕೈ ಎತ್ತಿದ. ಉಗುರಿನ ಸಂದುಗಳು ಶುಭ್ರವಾಗಿದ್ದವು. ಅವನು ನಿಧಾನವಾಗಿ, ಗೌರವದಿಂದ, ಮನೆಯ ಹಿರಿಯರೊಡನೆ ಮಾತಾಡುವವನಂತೆ ಮಾತಾಡಿದ. ತನಗೆ ನ್ಯಾಯಾಲಯವೆಂದರೆ ದೇವಸ್ಥಾನ. ಆದೇಶ ಗೊತ್ತಿದ್ದರೆ ಬಸ್ಸಿನ ಚಕ್ರದಡಿ ತಾನೇ ಮಲಗುತ್ತಿದ್ದೆ. ಆದರೆ ಫೋನು ಬಂದಾಗ ಅಂಗಳ ಖಾಲಿಯಾಗಿತ್ತು. ಬಸ್ಸು ಹೋದ ಧೂಳು ಇನ್ನೂ ಇಳಿದಿರಲಿಲ್ಲ, ಅಷ್ಟೇ.

“ಅಷ್ಟರಲ್ಲಿ ತಪ್ಪಿಹೋಯ್ತು ಸ್ವಾಮಿ. ನನಗೂ ಹೊಟ್ಟೆ ಉರೀತು.”

ಅವಳು ಪಿಸುಗುಟ್ಟಿದಳು. ಯಾರ ಮಾತೋ ಅವರಾಗಿಯೇ ಹೇಳಬೇಕೆಂಬುದು ದುಭಾಷಿಗಳ ನಿಯಮ. ಹಾಗಾಗಿ ಆಚೆ ಭಾಷೆಯಲ್ಲಿ, ಅಮ್ಮನ ದನಿಯಲ್ಲಿ, ‘ನನಗೂ ಹೊಟ್ಟೆ ಉರೀತು’ ಅಂದಳು. ಆಕೆ ಅವಳ ಕೈ ಹಿಡಿದುಕೊಂಡಳು. ಕಟಕಟೆಯ ಮಾತೋ, ಪಕ್ಕದವಳ ಮಾತೋ ಎಂದು ನೋಡುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಯಾರದೋ ಹೊಟ್ಟೆ ತನಗಾಗಿ ಉರಿಯಿತು ಅನ್ನುವುದೇ ಆಕೆಗೆ ಸಾಕಾಗಿತ್ತು. ಸುಟ್ಟ ಬೆರಳು ಆ ಹಿಡಿತದೊಳಗೆ ಸಿಕ್ಕಿಕೊಂಡಿತು.

ವಕೀಲೆ ಪಾಟೀಸವಾಲಿಗೆ ಎದ್ದರು. “ಫೋನು ಬಂದಾಗ ಬಸ್ಸು ಹೋಗಿತ್ತು ಅನ್ನೋದಕ್ಕೆ ನಿಮ್ಮ ಮಾತು ಬಿಟ್ಟು ಬೇರೆ ಏನಿದೆ?”

“ಇಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ ಮೇಡಂ?” ಅಧಿಕಾರಿ ವಿನಯದಿಂದಲೇ ಕೇಳಿದ.

“ಪ್ರಶ್ನೆ ಕೇಳೋದು ಅವರ ಕೆಲಸ,” ನ್ಯಾಯಾಧೀಶರು ಗದರಿದರು. ಆಮೇಲೆ ತಾವೇ ಮುಂದಕ್ಕೆ ಬಾಗಿದರು. “ಡ್ರೈವರು?”

“ಆಚೆ ದಡದಲ್ಲಿ ಬಸ್ಸಿನ ಸಮೇತ ತಡೆದಿದಾರೆ ಸ್ವಾಮಿ. ಇನ್ನೂ ಬಿಟ್ಟಿಲ್ಲ.”

“ಕಾವಲಿನವರು?”

“ಬಸ್ಸಿನ ಜೊತೆಗೇ ಹೋದರು.”

“ಹಾಗಾದ್ರೆ ಫೋನು ಬಂದಾಗ ಆ ಕೋಣೇಲಿ ನಿಮ್ಮ ಜೊತೆ ಬೇರೆ ಯಾರಿದ್ರು?”

ಅಧಿಕಾರಿ ಯೋಚಿಸಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ನೋಡಬೇಕೆಂದು ಅವನಿಗೆ ಹೊಳೆದಿರಲಿಕ್ಕೂ ಇಲ್ಲ. ಮೆಟ್ಟಿಲಿನಲ್ಲಿ ಆಡಬೇಕಾದ ಮಾತು ಆಡಿ ಮುಗಿಸಿದ್ದ.

“ಯಾರೂ ಇರ್ಲಿಲ್ಲ ಸ್ವಾಮಿ. ನಾನೊಬ್ನೇ.”

ನ್ಯಾಯಾಧೀಶರು ಕನ್ನಡಕ ಹಾಕಿಕೊಂಡರು. ಬರೆದುಕೊಳ್ಳುವವನಿಗೆ ಸನ್ನೆ ಮಾಡಿದರು. ಸರ್ಕಾರಿ ವಕೀಲರು ಕಾಗದಗಳನ್ನು ಮೇಜಿಗೆ ತಟ್ಟಿ ಅಂಚು ಸಮ ಮಾಡಿಕೊಂಡರು. ಎಲ್ಲ ಮುಗಿಯಿತು ಅನ್ನುವ ಹಾಗೆ ಬೆಂಚುಗಳು ಕಿರುಗುಟ್ಟಿದವು. ಮುಗಿಯದೆ ಇದ್ದದ್ದು ಒಂದೇ, ಅಧಿಕಾರಿಯ ಕೊನೆಯ ಮಾತು ಇನ್ನೂ ಆಕೆಯ ಕಿವಿಗೆ ಬಿದ್ದಿರಲಿಲ್ಲ. ಆಕೆ ಕಾಯುತ್ತಿದ್ದಳು. ಕತ್ತು ಸ್ವಲ್ಪ ವಾಲಿಸಿ, ಕಿವಿಯ ಮೇಲಿನ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ ಕೊಟ್ಟಳು. ಅಮ್ಮನಿಗೂ ಹೀಗೇ ಕಿವಿಯ ಹಿಂದೆ ನರೆ ಮೊದಲು ಬಂದಿತ್ತು.

ದುಭಾಷಿ ಬಗ್ಗಿದಳು. ಯಾರೂ ಇರಲಿಲ್ಲ, ನಾನೊಬ್ಬನೇ. ಚಿಕ್ಕ ವಾಕ್ಯ. ಮಗುವಿಗೂ ಬರುವ ಮಾತುಗಳು. ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಬಾಯಿ ತೆರೆದಳು. ಕಿತ್ತಳೆಯ ವಾಸನೆ ಎಲ್ಲಿಂದಲೋ ಬಂತು. ಮನೆಯಲ್ಲಿ ಈ ಹೊತ್ತಿಗೆ ಅಮ್ಮ ದಾರ ಪೋಣಿಸಲು ಕಿಟಕಿಯ ಹತ್ತಿರ ಹೋಗಿ, ತೆರೆಯಲೋ ಬೇಡವೋ ಎಂದು ನಿಂತಿರುತ್ತಾಳೆ. ಆಮೇಲೆ ಮುಚ್ಚಿದ ಕಿಟಕಿಯ ಸಂದಿನಿಂದ ಬರುವ ಬೆಳಕಿಗೇ ಸೂಜಿ ಹಿಡಿಯುತ್ತಾಳೆ.

“ಏನಂದ?” ಆಕೆ ಕೇಳಿದಳು. “ಹೇಳು ತಾಯಿ. ಏನಂದ ಅವನು?” ಕೇಳುತ್ತ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬೆರಳಿನ ಗುಳ್ಳೆ ಒಡೆಯಿತು.

ಆಗ ಅದು ಬಂದುಬಿಟ್ಟಿತು. ಪಿಸುಮಾತಾಗಿ ಅಲ್ಲ. ಬಿಸಿ ತಗುಲಿದವರ ಬಾಯಿಂದ ಬರುವ ಹಾಗೆ, ಹಗ್ಗ ಕಿತ್ತುಕೊಂಡು, ಎತ್ತರದ ದನಿಯಲ್ಲಿ, ಆಚೆ ಭಾಷೆಯಲ್ಲಿ. ಕಿರುಗುಟ್ಟುತ್ತಿದ್ದ ಬೆಂಚುಗಳು ನಿಂತವು. ದಫೇದಾರ ಬಾಗಿಲಿನಿಂದ ಕತ್ತು ಚಾಚಿದ. ಆ ಇಡೀ ಸಭೆಯಲ್ಲಿ ಅದು ಅರ್ಥವಾದದ್ದು ಒಬ್ಬಳಿಗೇ. ಆಕೆ ಹಿಡಿದಿದ್ದ ಕೈಯನ್ನು ಮೆಲ್ಲನೆ ಬಿಟ್ಟು, ಅವಳನ್ನು ಮೊದಲ ಸಲ ನೋಡುತ್ತಿರುವಂತೆ ನೋಡಿದಳು.

“ಏನದು?” ನ್ಯಾಯಾಧೀಶರು ಕೇಳಿದರು. “ಅರ್ಜಿದಾರಳು ಏನೋ ಹೇಳ್ತಿದಾಳಾ?”

“ಇಲ್ಲ ಸ್ವಾಮಿ.”

“ಮತ್ತೆ? ಸಾಕ್ಷಿ ಹೇಳಿದ್ದನ್ನ ತಿಳಿಸಿದ್ದಾ?”

“ಅಲ್ಲ ಸ್ವಾಮಿ.”

ಕಟಕಟೆಯಲ್ಲಿ ಸಾಗಣೆ ಅಧಿಕಾರಿಯ ಮುಖದಲ್ಲಿ ನಗು ಇನ್ನೂ ಇತ್ತು, ತೆಗೆಯಲು ಮರೆತುಹೋದಂತೆ. “ತಂಗಿ,” ಅಂದ ಅವನು, ಬಹಳ ಮೆಲ್ಲಗೆ.

“ಹಾಗಾದ್ರೆ ಅದು ಯಾರ ಮಾತು?” ನ್ಯಾಯಾಧೀಶರು ಕಿವಿಗೆ ಕೈ ಆನಿಸಿಕೊಂಡರು. “ನ್ಯಾಯಾಲಯಕ್ಕೆ ತಿಳಿಯೋ ಭಾಷೇಲಿ ಹೇಳಮ್ಮ.”

ಅವಳು ನೆಟ್ಟಗೆ ನಿಂತಳು. ಸುಟ್ಟ ಬೆರಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಆ ಕೋಣೇಲಿ ನಾನಿದ್ದೆ ಸ್ವಾಮಿ,” ಅಂದಳು. “ಫೋನು ಬಂದಾಗ ಬಸ್ಸು ಅಂಗಳದಲ್ಲೇ ನಿಂತಿತ್ತು. ಖಾಲಿ ಇತ್ತು.”